ಹಳೇ ಟರ್ಬೊ ಎಂಜಿನ್‌ಗೆ ಎಷ್ಟು ಕೊಡಬಹುದು? ನಾನು ಲೆಕ್ಕ ಹಾಕಿದ ರೀತಿ

ಸೆಕೆಂಡ್ ಹ್ಯಾಂಡ್ ಎಂಜಿನ್ ನೋಡಲು ಹೋದಾಗ ನಾನು ಮೊದಲು ಅದು ಸತ್ತಿದೆ ಅಂತಲೇ ಅಂದುಕೊಳ್ಳುತ್ತೇನೆ. ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಎಷ್ಟು ಹುಟ್ಟುತ್ತದೆ? ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್), ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ), ಇಂಜೆಕ್ಟರ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ), ಎಲ್ಲ ಸೇರಿಸಿ ಒಂದು ಮೊತ್ತ ಬರೆದುಕೊಳ್ಳುತ್ತೇನೆ, ಅದೇ ಬುಡ. ಅದರ ಮೇಲೆ ಕೊಡುವ ಒಂದೊಂದು ಸಾವಿರಕ್ಕೂ ಮಾರುವವನು ಏನಾದರೂ ತೋರಿಸಬೇಕು. ಬಾಯಿ ಮಾತಿಗೆ ದುಡ್ಡಿಲ್ಲ.

ದಾವಣಗೆರೆಯಲ್ಲಿ ಸ್ಪೋರ್ಟ್ಸ್ ಕಾರ್ ಎಂಜಿನ್ ಎಲ್ಲಿಂದ ಬರುತ್ತೆ ಅಂತ ಕೆಲವರು ನಗುತ್ತಾರೆ. ಹೈವೇ ಇದೆಯಲ್ಲ. ಬೆಂಗಳೂರಿಂದ ಹುಬ್ಬಳ್ಳಿ, ಪುಣೆ ಕಡೆ ಹೋಗುವ ಗಾಡಿಗಳೆಲ್ಲ ಚಿತ್ರದುರ್ಗ, ದಾವಣಗೆರೆ ದಾಟಿಯೇ ಹೋಗಬೇಕು. ಎನ್‌ಎಚ್ 48ರಲ್ಲಿ ಜಜ್ಜಿ ಹೋದ ಕಾರು ಇನ್ಶೂರೆನ್ಸ್ ಲೆಕ್ಕದಲ್ಲಿ ಟೋಟಲ್ ಲಾಸ್ ಆದರೆ ಗುಜರಿಯವರ ಕೈ ಸೇರುತ್ತದೆ. ಆಮೇಲೆ ನನ್ನಂಥ ಗ್ಯಾರೇಜಿನವರಿಗೆ ಫೋನ್ ಬರುತ್ತದೆ.

ಈಗ ಹೇಳುತ್ತಿರುವುದು ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್‌ದು. 2004ರಲ್ಲಿ ನಮ್ಮ ದೇಶಕ್ಕೆ ಬಂದ ಗಾಡಿ, 1.8 ಲೀಟರ್ ಟರ್ಬೊ ಪೆಟ್ರೋಲ್, 150 ಕುದುರೆ ಶಕ್ತಿ. ಈಗ 150 ಅಂದರೆ ಯಾರೂ ತಿರುಗಿ ನೋಡಲ್ಲ, ಆದರೆ ಆ ಕಾಲಕ್ಕೆ ಹೈವೇಯಲ್ಲಿ ಅದನ್ನು ಹಿಡಿಯುವ ಕಾರು ಕಮ್ಮಿ ಇತ್ತು, ಇವತ್ತಿಗೂ ಅದರ ಹುಚ್ಚಿರುವವರು ಇದ್ದಾರೆ. ಅಂಥ ಒಬ್ಬರು ಚಿತ್ರದುರ್ಗದವರು. ಅವರ ಗಾಡಿಯ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನು ಪಿಸ್ಟನ್ ಓಟಕ್ಕೆ ಹೊಂದಿಸಿ ಓಡಿಸುವ ಬೆಲ್ಟ್, ತುಂಡಾಯಿತು. ಈ ಎಂಜಿನ್‌ನಲ್ಲಿ ಬೆಲ್ಟ್ ಹೋದರೆ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆಯುತ್ತದೆ. ಒಂದು ಸಿಲಿಂಡರ್‌ಗೆ ಐದು ವಾಲ್ವ್, ಮೂರು ಇನ್‌ಟೇಕ್, ಎರಡು ಎಕ್ಸಾಸ್ಟ್, ಒಟ್ಟು 20. ಅವರದರಲ್ಲಿ ಸುಮಾರು ಬಾಗಿದ್ದವು, ಒಂದು ಪಿಸ್ಟನ್ ಕೂಡ ಒಡೆದಿತ್ತು. ರಿಪೇರಿಗಿಂತ ಇನ್ನೊಂದು ಎಂಜಿನ್ ಹುಡುಕೋದೇ ವಾಸಿ ಅನಿಸಿತು. ದುರ್ಗದ ಹೊರಗೆ ಹೈವೇ ಪಕ್ಕದ ಯಾರ್ಡ್ ಒಂದರಲ್ಲಿ ಅದೇ ಎಂಜಿನ್ ಇತ್ತು. 1,30,000 ಹೇಳಿದರು. "ಬರೀ 60 ಸಾವಿರ ಕಿಲೋಮೀಟರ್ ಸಾರ್, ಶೋರೂಮ್ ಕಂಡೀಶನ್."

ಕಿಲೋಮೀಟರ್ ವಿಷಯ ನಾನು ಕಿವಿಗೇ ಹಾಕಿಕೊಳ್ಳಲ್ಲ. ಮೀಟರ್ ಇರೋದು ಡ್ಯಾಶ್‌ಬೋರ್ಡ್‌ನಲ್ಲಿ, ಎಂಜಿನ್ ಬಿದ್ದಿರೋದು ನೆಲದ ಮೇಲೆ. ಮೊದಲು ನೋಡಿದ್ದು ಎಂಜಿನ್ ನಂಬರ್. ಬೆಲ್ಟ್ ಕವರ್ ಮೇಲೆ ಸ್ಟಿಕರ್ ಇರುತ್ತದೆ, ಆದರೆ ಕವರ್ ಬಿಚ್ಚಿ ಬೇರೆಯದಕ್ಕೆ ಹಾಕುವುದು ಎರಡು ನಿಮಿಷದ ಕೆಲಸ. ಬ್ಲಾಕ್ ಮೇಲೆ ಕೊರೆದಿರುವ ನಂಬರ್ ಒರೆಸಿ, ಸ್ಟಿಕರ್‌ಗೂ ಹಳೇ ಕಾರಿನ ಆರ್‌ಸಿ ನಕಲಿಗೂ ಹೋಲಿಸಿದೆ. ಮೂರೂ ಒಂದೇ. ನಂಬರ್ ಉಜ್ಜಿ ಹಾಕಿದ ಎಂಜಿನ್ ಆಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ನಂಬರ್ ಏರಿಸಬೇಕು, ಇನ್ಶೂರೆನ್ಸ್‌ಗೂ ತಿಳಿಸಬೇಕು. ಬಿಲ್ ಇಲ್ಲದೆ ಅದಾವುದೂ ಆಗುವುದಿಲ್ಲ.

ಆಮೇಲೆ ಡಿಕ್ಕಿ ಎಲ್ಲಿಗೆ ಆಗಿತ್ತು ಅಂತ ಕೇಳಿದೆ. ಹಿಂದಿನಿಂದ ಲಾರಿ ಗುದ್ದಿದ್ದು. ಫೋಟೊ ತೋರಿಸಿದರು. ಇದು ನನಗೆ ಕಿಲೋಮೀಟರ್‌ಗಿಂತ ದೊಡ್ಡ ಸಮಾಚಾರ. ಮುಂದಿನಿಂದ ಗುದ್ದಿದ್ದರೆ ಎಂಜಿನ್ ಕೂರಿಸುವ ಮೌಂಟ್ ಕಿವಿ ಒಡೆದಿರಬಹುದು, ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್, ಬಿರುಕು ಬಿಟ್ಟು ಆಯಿಲ್ ಸೋರಿದ ಮೇಲೂ ಎಂಜಿನ್ ಓಡಿರಬಹುದು. ಒಂದೆರಡು ನಿಮಿಷ ಆಯಿಲ್ ಇಲ್ಲದೆ ಓಡಿದರೂ ಬೇರಿಂಗ್ ಕಥೆ ಮುಗಿಯಿತು.

ಆಯಿಲ್ ಫಿಲ್ಟರ್ ಇನ್ನೂ ಅದರಲ್ಲೇ ಇತ್ತು. ಅದನ್ನು ಬಿಚ್ಚಿ ಕತ್ತರಿಸಿದೆ. ಹ್ಯಾಕ್ಸಾ ಬ್ಲೇಡ್‌ನಲ್ಲಿ ಕತ್ತರಿಸಬೇಡಿ. ಬ್ಲೇಡಿನ ಕಬ್ಬಿಣದ ಪುಡಿಯೇ ಒಳಗೆ ಬಿದ್ದು, ಎಂಜಿನ್ ಸವೆದಿದೆಯೋ ಬ್ಲೇಡ್ ಸವೆದಿದೆಯೋ ಗೊತ್ತಾಗಲ್ಲ. ತಗಡು ಕತ್ತರಿ ಒಳ್ಳೆಯದು. ಒಳಗಿನ ಪೇಪರ್ ಬಿಚ್ಚಿ, ಹಿಂಡಿ, ಬಿಸಿಲಿಗೆ ಹಿಡಿದು ನೋಡಿದೆ. ತಾಮ್ರದ ಬಣ್ಣದ ಮಿಣುಕು ಕಂಡರೆ ಬೇರಿಂಗ್ ಹೋಗುತ್ತಿದೆ ಅಂತ. ಮ್ಯಾಗ್ನೆಟ್‌ಗೆ ಅಂಟುವ ಚೂರು ಇದ್ದರೆ ಕ್ರ್ಯಾಂಕ್, ಕ್ಯಾಮ್ ಕಡೆ ಅನುಮಾನ. ಇದರಲ್ಲಿ ಕಪ್ಪು ಮಸಿ ಇತ್ತು, ಮಿಣುಕು ಇರಲಿಲ್ಲ. ಫಿಲ್ಲರ್ ಕ್ಯಾಪ್ ತೆಗೆದು ಬೆರಳು ಆಡಿಸಿದೆ. ಈ 1.8 ಟರ್ಬೊಗಳಿಗೆ ಆಯಿಲ್ ಗಸಿ ಕಟ್ಟುವ ಚಾಳಿ ಇದೆ. ಅಗ್ಗದ ಆಯಿಲ್ ಹಾಕಿ, ಬದಲಾಯಿಸೋದನ್ನೂ ತಡ ಮಾಡಿದರೆ ಸಂಪ್ ಒಳಗಿನ ಜಾಲರಿ ಮುಚ್ಚಿಕೊಂಡು ಮೊದಲು ಟರ್ಬೊ ಸಾಯುತ್ತದೆ. ಇಲ್ಲಿ ಕಂದು ಬಣ್ಣದ ತೆಳು ಪದರ ಅಷ್ಟೇ. ಯಾರೋ ಪುಣ್ಯಾತ್ಮ ಸಿಂಥೆಟಿಕ್ ಆಯಿಲ್ ಹಾಕಿಸಿದ್ದ.

ಟರ್ಬೊ ಪೈಪ್ ಬಿಚ್ಚಿ ಶಾಫ್ಟ್ ಅಲ್ಲಾಡಿಸಿದೆ. ಆಯಿಲ್ ಒತ್ತಡ ಇಲ್ಲದಾಗ ಅಡ್ಡಡ್ಡ ಸ್ವಲ್ಪ ಆಡುವುದು ಸಹಜ, ಅದನ್ನು ನೋಡಿ ಹೆದರಿ ಬಿಡುವವರು ಜಾಸ್ತಿ. ಒಳಗೆ ಹೊರಗೆ ಆಡಬಾರದು, ರೆಕ್ಕೆ ಗೋಡೆಗೆ ತಾಗಿದ ಗುರುತು ಇರಬಾರದು. ಎರಡೂ ಇರಲಿಲ್ಲ.

ಇನ್ನು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಅನ್ನುವುದು. ಗೇರ್‌ಬಾಕ್ಸ್ ಇಲ್ಲ, ಹಾಗಾಗಿ ಸ್ಟಾರ್ಟರ್ ಕೂರಿಸುವ ಜಾಗವೇ ಇಲ್ಲ. ಕ್ರ್ಯಾಂಕ್ ಸುತ್ತಿಸದೆ ಕಂಪ್ರೆಶನ್ ನೋಡುವುದು ಹೇಗೆ? ಅದಕ್ಕೇ ನಾನು ಗಾಳಿ ಸೋರಿಕೆ ಅಳೆಯುವ ಲೀಕ್‌ಡೌನ್ ಗೇಜ್ ಒಯ್ಯುವುದು. ಯಾರ್ಡಿನ ಪಕ್ಕದ ಪಂಕ್ಚರ್ ಅಂಗಡಿಯವರು ಕಂಪ್ರೆಸರ್ ಕೊಟ್ಟರು. ಟೈಮಿಂಗ್ ಗುರುತು ಸರಿ ಇದೆ ಅಂತ ನೋಡಿ, ಒಂದನೇ ಸಿಲಿಂಡರ್‌ನ ಪಿಸ್ಟನ್ ಮೇಲ್ತುದಿಗೆ ತಂದು, ಎರಡೂ ಕಡೆ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ಪ್ಲಗ್ ತೂತಿನಿಂದ 100 ಪಿಎಸ್ಐ ಗಾಳಿ ಬಿಡಬೇಕು, ಎಷ್ಟು ಪಾಲು ಸೋರುತ್ತಿದೆ ಅಂತ ಎರಡನೇ ಮುಳ್ಳು ತೋರಿಸುತ್ತದೆ. ಕ್ರ್ಯಾಂಕ್ ಬೋಲ್ಟ್‌ಗೆ ಉದ್ದ ಹಿಡಿ ಹಾಕಿ ಒಬ್ಬರು ಗಟ್ಟಿ ಹಿಡಿದಿರಬೇಕು. ಪಿಸ್ಟನ್ ಕೂದಲೆಳೆ ಅತ್ತಿತ್ತ ಇದ್ದರೂ ಗಾಳಿ ಅದನ್ನು ಒದ್ದು ಹಿಡಿಯನ್ನು ಬೀಸುತ್ತದೆ, ಕೈ ಮುರಿಯಬಹುದು. ಆಮೇಲೆ ಅರ್ಧ ಸುತ್ತು ತಿರುಗಿಸಿದರೆ ಮುಂದಿನ ಸಿಲಿಂಡರ್, 1-3-4-2 ಕ್ರಮದಲ್ಲಿ.

ಒಂದನೆಯದು ಶೇ 8, ನಾಲ್ಕು ಶೇ 9, ಎರಡು ಶೇ 11. ಮೂರನೆಯದು ಶೇ 22.

ಹತ್ತರ ಆಸುಪಾಸು ಇದ್ದರೆ ನನಗೆ ಖುಷಿ. ಇಪ್ಪತ್ತು ದಾಟಿದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಲೇಬೇಕು, ಏಕೆಂದರೆ ಅದೇ ಶೇ 22 ಪಿಸ್ಟನ್ ರಿಂಗ್‌ನಲ್ಲಿ ಸೋರಿದರೆ ಒಂದು ಬೆಲೆ, ವಾಲ್ವ್‌ನಲ್ಲಿ ಸೋರಿದರೆ ಇನ್ನೊಂದು ಬೆಲೆ. ಒಂದು ಮೊಳ ರಬ್ಬರ್ ಪೈಪ್ ಕಿವಿಗಿಟ್ಟುಕೊಂಡು ಕೇಳಿದೆ. ಆಯಿಲ್ ಫಿಲ್ಲರ್ ಹತ್ತಿರ ಸದ್ದೇ ಇಲ್ಲ. ರಿಂಗ್ ಅಲ್ಲ. ನೀರಿನ ಪೈಪ್ ಬಾಯಿಗೆ ನೀರು ತುಂಬಿದ್ದೆ, ಗುಳ್ಳೆ ಇಲ್ಲ. ಹೆಡ್ ಗ್ಯಾಸ್ಕೆಟ್ ಅಲ್ಲ. ಟರ್ಬೊ ಹೊರಬಾಯಿಗೆ ಪೈಪ್ ಇಟ್ಟ ತಕ್ಷಣ ಸುಸ್ಸ್ ಅಂತು. ಎಕ್ಸಾಸ್ಟ್ ವಾಲ್ವ್. ಬಹಳ ದಿನ ಬಿದ್ದಿದ್ದ ಎಂಜಿನ್‌ನಲ್ಲಿ ತುಕ್ಕಿನ ಚೂರು, ಕಾರ್ಬನ್ ಸೀಟಿಗೆ ಸಿಕ್ಕಿಕೊಂಡಿರಬಹುದು ಅಂತ ಕೆಲವು ಸುತ್ತು ತಿರುಗಿಸಿ ಮತ್ತೆ ಗಾಳಿ ಬಿಟ್ಟೆ. ಶೇ 17ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಬರಲಿಲ್ಲ. ಹೆಡ್ ಬಿಚ್ಚುವುದು ಖಾತ್ರಿ.

ಬೋರೋಸ್ಕೋಪ್ (ತೂತಿನೊಳಗೆ ಇಳಿಸುವ ಸಣ್ಣ ಕ್ಯಾಮೆರಾ) ಇಳಿಸಿ ಸಿಲಿಂಡರ್ ಗೋಡೆ ನೋಡಿದೆ. ಕಾರ್ಖಾನೆಯಲ್ಲಿ ಗೋಡೆ ಉಜ್ಜಿ ಹಾಕಿದ ಹೋನಿಂಗ್ ಗೆರೆ ನಾಲ್ಕರಲ್ಲೂ ಅಡ್ಡಡ್ಡ ಚೆನ್ನಾಗಿ ಕಾಣುತ್ತಿತ್ತು, ಅಂದರೆ ಸವೆತ ಕಮ್ಮಿ.

ಅಲ್ಲೇ ಕೂತು ಲೆಕ್ಕ ಹಾಕಿದೆ. ಸತ್ತರೂ ಟರ್ಬೊ 18,000, ಕ್ಯಾಮ್ ಸಮೇತ ಹೆಡ್ 20,000, ಇಂಜೆಕ್ಟರ್, ಕಾಯಿಲ್, ಥ್ರಾಟಲ್ 10,000, ಕೆಳಗಿನದೆಲ್ಲ ಸೇರಿ 7,000. ಬುಡ 55,000. ನಮ್ಮ ಕಡೆ ಚೆನ್ನಾಗಿ ಓಡುವ ಇಂಥ ಎಂಜಿನ್‌ಗೆ ನಾನು 1,20,000 ಕೊಟ್ಟೇನು. ಅದರಲ್ಲಿ ಬೆಲ್ಟ್ ಕಿಟ್, ವಾಟರ್ ಪಂಪ್, ಸೀಲ್, ಗ್ಯಾಸ್ಕೆಟ್‌ಗೆ 30,000 ಕಳೆಯಬೇಕು. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಇದು ಇದ್ದದ್ದೇ, ಹೊಸದಾಗಿ ಕೂರಿಸಿದ ಎಂಜಿನ್ ಅನ್ನು ಹಳೇ ಬೆಲ್ಟ್ ಮೇಲೆ ಯಾರೂ ಓಡಿಸಬಾರದು. ಹೆಡ್ ಕೆಲಸಕ್ಕೆ 15,000. ಉಳಿದದ್ದು 75,000. ಇಸಿಯು (ಎಂಜಿನ್ ಕಂಪ್ಯೂಟರ್), ಮೀಟರ್, ಕೀ ಮೂರೂ ಒಂದಕ್ಕೊಂದು ಜೋಡಿ ಇರುವ ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಇದರಲ್ಲಿದೆ. ಆ ಸೆಟ್ ಇರಲಿಲ್ಲ. ನಮ್ಮ ಗಿರಾಕಿಗೆ ಅವರ ಗಾಡಿಯದೇ ಇತ್ತು, ಹಾಗಾಗಿ ಅದಕ್ಕೆ ಕಳೆಯಲಿಲ್ಲ. ಬೇರೆ ಕಾರಿಗೆ ಕೂರಿಸುವವರು ಅದಕ್ಕೂ ಕಳೆಯಲೇಬೇಕು.

ಯಾರ್ಡಿನವರಿಗೆ ಗೇಜ್ ತೋರಿಸಿ, ಅವರ ಕಿವಿಗೂ ಪೈಪ್ ಇಟ್ಟೆ. ಸುಸ್ಸ್ ಕೇಳಿದ ಮೇಲೆ ಶೋರೂಮ್ ಮಾತು ನಿಂತಿತು. ಚಹಾ ಬಂತು. 72,000ಕ್ಕೆ ಮುಗಿಯಿತು, ಬಿಲ್ ಸಮೇತ.

ಗ್ಯಾರೇಜ್‌ನಲ್ಲಿ ಹೆಡ್ ತೆಗೆದಾಗ ಮೂರನೇ ಸಿಲಿಂಡರ್‌ನ ಒಂದು ಎಕ್ಸಾಸ್ಟ್ ವಾಲ್ವ್ ಸೀಟ್ ಮೇಲೆ ಸಣ್ಣ ಸಣ್ಣ ತುಕ್ಕಿನ ಗುಳಿ. ಪೇಸ್ಟ್ ಹಾಕಿ ಉಜ್ಜಿದರೆ ಸಾಕಾಯಿತು. ಸೀಟ್ ಬದಲಾಯಿಸುವ ಖರ್ಚು ಬರಲಿಲ್ಲ. ಬೋರ್, ಅಂದರೆ ಸಿಲಿಂಡರ್‌ನ ಒಳ ವ್ಯಾಸ, 81 ಮಿ.ಮೀ. ನನಗೆ ಅಳತೆ ಕಲಿಸಿದವರು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದವರು. ಮೇಲೆ, ನಡುವೆ, ಕೆಳಗೆ ಮೂರು ಕಡೆ, ಅದೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯದೆ ಬರೆಯಬೇಡ ಅನ್ನುತ್ತಿದ್ದರು. ಎರಡು ನೂರಾಂಶ ಮಿ.ಮೀ.ಗಿಂತ ಜಾಸ್ತಿ ಸವೆತ ಎಲ್ಲೂ ಇರಲಿಲ್ಲ.

ಕೂರಿಸಿದ ಮೇಲೆ ಬಿಸಿ ಎಂಜಿನ್‌ನಲ್ಲಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ನೋಡಿದೆ. 11.2, 11.4, 10.9, 11.3 ಬಾರ್. ಸಿಲಿಂಡರ್‌ಗಳ ನಡುವೆ 3 ಬಾರ್ ವ್ಯತ್ಯಾಸದವರೆಗೂ ಕಂಪನಿ ಒಪ್ಪುತ್ತದೆ. ನಾನು ಒಂದಕ್ಕಿಂತ ಜಾಸ್ತಿ ಕಂಡರೆ ಒಪ್ಪಲ್ಲ. ಇನ್ನೊಂದು ಮಾತು, ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಗಾಳಿ ತೆಳು, ಗೇಜ್ ಮಂಗಳೂರಿನಲ್ಲಿ ತೋರಿಸುವುದಕ್ಕಿಂತ ಶೇ 6-7 ಕಮ್ಮಿಯೇ ತೋರಿಸುತ್ತದೆ. ಕರಾವಳಿಯವರು ಹೇಳಿದ ಸಂಖ್ಯೆ ಹಿಡಿದು ಇಲ್ಲಿನ ಒಳ್ಳೆ ಎಂಜಿನ್ ಬಿಟ್ಟು ಬಂದವರನ್ನು ನೋಡಿದ್ದೇನೆ.

ಬೆಲ್ಟ್ ತುಂಡಾದ ಹಳೇ ಎಂಜಿನ್‌ಗೂ ಇದೇ ಬುಡದ ಲೆಕ್ಕ ಹಾಕಿದೆವು. ಟರ್ಬೊ ಮತ್ತು ಇಂಜೆಕ್ಟರ್ ಹುಬ್ಬಳ್ಳಿ ಕಡೆಯವರು ಒಯ್ದರು. ಕ್ರ್ಯಾಂಕ್ ಇನ್ನೂ ನಮ್ಮ ಶೆಡ್‌ನಲ್ಲೇ ಇದೆ, ಬೇಕಾದವರು ಮೈಕ್ರೋಮೀಟರ್ ತಂದು ಅಳೆದುಕೊಂಡೇ ರೇಟ್ ಹೇಳಲಿ.