ಚಾವಡಿಯ ಬೀಟೆ ಕುರ್ಚಿಗೆ ಅರಗಿನ ಹೊಳಪನ್ನು ಮರಳಿಸುವ ಕ್ರಮ

ವಿಕ್ಟೋರಿಯಾ ರಾಣಿಯ ಕಾಲದ (1837–1901) ಇಂಗ್ಲಿಷ್ ಮಾದರಿಗಳನ್ನು ಅನುಸರಿಸಿ ಬೀಟೆಮರದಲ್ಲಿ ಮಾಡಿದ, ಬೆನ್ನಿನ ಭಾಗ ದುಂಡಾಗಿ ಬಾಗಿ ಕಾಲುಗಳು ಬಳುಕಿದಂತಿರುವ ಕುರ್ಚಿಗಳು ಕಾಸರಗೋಡಿನ ಕೆಲವು ಹಳೆಯ ಮನೆಗಳ ಚಾವಡಿಯಲ್ಲಿ ಇಂದಿಗೂ ಉಳಿದಿವೆ. ಅವುಗಳಿಗೆ ಗೆದ್ದಲಿಗಿಂತ ಹೆಚ್ಚಿನ ಹಾನಿ ಮರಳು ಕಾಗದದಿಂದ ಆಗುತ್ತಿದೆ ಎಂಬುದು ನನ್ನ ಅನಿಸಿಕೆ. ಒಮ್ಮೆ ಉಜ್ಜಿ ತೆಗೆದರೆ ನೂರು ವರ್ಷಗಳಲ್ಲಿ ಮರಕ್ಕೆ ಬಂದ ಬಣ್ಣವೂ ಕೆತ್ತನೆಯ ಅಂಚುಗಳ ಚೂಪೂ ಮತ್ತೆ ಬರುವುದಿಲ್ಲ.

ಆದುದರಿಂದ ಮೊದಲು ಲೇಪ ಯಾವುದೆಂದು ಪರೀಕ್ಷಿಸಬೇಕು. ಕುರ್ಚಿಯ ಅಡಿಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ಸ್ಪಿರಿಟ್‌ನಲ್ಲಿ (ಪಾಲಿಶ್‌ಗೆ ಬಳಸುವ ಮದ್ಯಸಾರದಲ್ಲಿ) ಅದ್ದಿದ ಹತ್ತಿಯನ್ನು ಕೆಲವು ಕ್ಷಣ ಒತ್ತಿರಿ. ಲೇಪ ಕರಗಿ ಅಂಟಂಟಾದರೆ ಅದು ಅರಗಿನ ಪಾಲಿಶ್. ಹಾಗಿದ್ದರೆ ಅದನ್ನು ಕಿತ್ತು ತೆಗೆಯುವ ಅಗತ್ಯವೇ ಇಲ್ಲ, ಏಕೆಂದರೆ ಹೊಸ ಅರಗು ಹಳೆಯದನ್ನು ಸ್ವಲ್ಪ ಕರಗಿಸಿಕೊಂಡು ಅದರೊಂದಿಗೆ ಬೆರೆತುಕೊಳ್ಳುತ್ತದೆ.

ಕೀಲುಗಳು ಅಲುಗಾಡುತ್ತಿದ್ದರೆ ಮೊಳೆ ಹೊಡೆಯಬೇಡಿ. ಆ ಕಾಲದ ಅಂಟನ್ನು ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ ಮಾಡುತ್ತಿದ್ದರು; ಬಿಸಿನೀರು ತಾಗಿದರೆ ಅದು ಮೆತ್ತಗಾಗುವುದರಿಂದ ಕೀಲನ್ನು ಬಿಚ್ಚಿ ಮತ್ತೆ ಕೂಡಿಸಬಹುದು. ನೀರು ಪಾಲಿಶ್‌ಗೆ ತಾಗಿದರೆ ಬಿಳಿ ಕಲೆಯಾದೀತು, ಎಚ್ಚರ.

ಪಾಲಿಶ್‌ನ ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ ಮುಗಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಸ್ಪಿರಿಟ್ ಆರುವಾಗ ತಂಪಾಗುವ ಮೇಲ್ಮೈಗೆ ಗಾಳಿಯ ತೇವ ಕೂಡಿಕೊಂಡು ಲೇಪ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆ ಹಾಕಿ, ಒಂದು ರಾತ್ರಿ ಇಟ್ಟು, ಚೆನ್ನಾಗಿ ಕರಗಿದ ಮೇಲೆ ಸೋಸಿಕೊಳ್ಳಿ. ಹತ್ತಿರ ಒಲೆಯೂ ದೀಪವೂ ಇರಬಾರದು. ಹತ್ತಿಯ ಉಂಡೆಯನ್ನು ಹಳೆಯ ಮುಂಡಿನ (ಪಂಚೆಯ) ಬಟ್ಟೆಯಲ್ಲಿ ಸುತ್ತಿ, ಅದಕ್ಕೆ ಅರಗು ಕುಡಿಸಿ, ಸಣ್ಣ ವೃತ್ತಗಳಲ್ಲಿ ಎಲ್ಲಿಯೂ ನಿಲ್ಲಿಸದೆ ತೇಲಿಸಿದಂತೆ ಉಜ್ಜಬೇಕು. ಬಟ್ಟೆ ಹಿಡಿದುಕೊಳ್ಳತೊಡಗಿದರೆ ಒಂದು ಹನಿ ಅಗಸೆ ಎಣ್ಣೆ ಸಾಕು. ನಮ್ಮ ಕಡೆ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಆದರೆ ಅದು ಆರಿ ಗಟ್ಟಿಯಾಗುವುದಿಲ್ಲ, ಧೂಳು ಹಿಡಿಯುತ್ತದೆ, ಆದ್ದರಿಂದ ಬೇಡ. ದಿನಕ್ಕೆ ಕೆಲವೇ ತೆಳು ಲೇಪ ಕೊಟ್ಟು, ಮರುದಿನ ಮುಂದುವರಿಸಿ. ಕೆತ್ತನೆಯ ತಗ್ಗುಗಳಿಗೆ ಉಂಡೆ ತಲುಪದ ಕಾರಣ ಅಲ್ಲಿ ಮೃದುವಾದ ಕುಂಚದಿಂದ ಒಂದೇ ಸಲ ತೆಳುವಾಗಿ ಹಚ್ಚಿ. ಅಲ್ಲಿ ಉಳಿಯುವ ಕಪ್ಪುನೆರಳಿನಿಂದಲೇ ಹೂಬಳ್ಳಿಗಳು ಎದ್ದು ಕಾಣುವುದರಿಂದ ಅದನ್ನು ತೊಳೆದು ತೆಗೆಯಬೇಡಿ.