ಜಾಗ ಎಲ್ಲಿ ಅಂತ ಊರನ್ನೇ ಕೇಳಿದಾಗ ಆಗಿದ್ದು

ಒಂದು ಸ್ಥಳೀಯ ಸಂಸ್ಥೆಯ ವಸತಿ ವಿಭಾಗದಲ್ಲಿ ನಾನು ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಹೆಚ್ಚು ಬಾಡಿಗೆ ಕಟ್ಟಲಾಗದವರಿಗೆ ಕಡಿಮೆ ಬಾಡಿಗೆಗೆ ಕೊಡುವ ಸರ್ಕಾರಿ ಮನೆಗಳು, ಅವುಗಳ ಅರ್ಜಿ, ಕಾಯುವವರ ಪಟ್ಟಿ, ಸೋರುವ ಪೈಪು, ಎಲ್ಲಾ ನನ್ನ ಟೇಬಲ್ಲಿಗೇ ಬರುತ್ತಿತ್ತು. ಸೇರಿದ ಹೊಸದರಲ್ಲಿ ನನಗೊಂದು ಗಟ್ಟಿ ನಂಬಿಕೆ ಇತ್ತು. ಮನೆ ವಿಚಾರ ಪೂರ್ತಿ ಊರಿನವರಿಗೇ ಬಿಡಬೇಕು, ಮೇಲಿನ ಸರ್ಕಾರದವರು ದುಡ್ಡು ಕೊಟ್ಟು ಸುಮ್ಮನಿರಬೇಕು ಅಂತ. ಆ ನಂಬಿಕೆಯಲ್ಲಿ ಅರ್ಧ ಇನ್ನೂ ಉಳಿದಿದೆ.

ಆ ಅರ್ಧ ಉಳಿದಿದ್ದು ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ನಾನು ಸೇರಿದಾಗ ಕಟ್ಟುತ್ತಿದ್ದ ಮನೆಗಳ ನಕ್ಷೆ ಮೇಲಿನಿಂದ ಬಂದಿತ್ತು. ಎಲ್ಲಾ ಊರಿಗೂ ಒಂದೇ ನಕ್ಷೆ. ಅಲ್ಲಿಗೆ ಬಂದವರಲ್ಲಿ ಎಷ್ಟೋ ಜನ ತಳ್ಳುಗಾಡಿಯಲ್ಲಿ ವ್ಯಾಪಾರ ಮಾಡುವವರು, ಮನೆ ಸಿಕ್ಕಿದ್ದು ಮೂರನೇ ಮಹಡಿಯಲ್ಲಿ, ಗಾಡಿ ಎಲ್ಲಿಡಬೇಕು ಅಂತ ನಕ್ಷೆ ಬರೆದವರಿಗೆ ಹೊಳೆದೇ ಇಲ್ಲ. ಅವರು ಮೆಟ್ಟಿಲ ಕೆಳಗೆ ಸರಪಳಿ ಹಾಕಿ ಕಟ್ಟುತ್ತಿದ್ದರು, ನಾವು ದಾರಿಗೆ ಅಡ್ಡ ಅಂತ ನೋಟಿಸ್ ಕೊಡುತ್ತಿದ್ದೆವು. ಆ ನೋಟಿಸಿಗೆ ಸಹಿ ಹಾಕಿದವನು ನಾನೇ. ನೀರಿನ ಪಂಪು ಕೆಟ್ಟರೂ ಕಡತ ಮೇಲೆ ಹೋಗಿ ಮಂಜೂರಾಗಿ ಬರಬೇಕು. ಒಮ್ಮೆ ಐದು ವಾರ ಆಯಿತು. ಐದು ವಾರ ಜನ ಬಿಂದಿಗೆ ಹೊತ್ತು ಮೂರು ಮಹಡಿ ಹತ್ತಿದರು. ಆಮೇಲೆ ಜಗಳ ಮಾಡಿ ಸಣ್ಣ ರಿಪೇರಿಯ ಅಧಿಕಾರವನ್ನು ಕೆಳಗೇ ತರಿಸಿಕೊಂಡೆವು, ಅದೇ ಪಂಪು ಮತ್ತೆ ಕೆಟ್ಟಾಗ ನಾಲ್ಕು ದಿನದಲ್ಲಿ ಸರಿಯಾಯಿತು.

ಅರ್ಜಿ ವಿಚಾರವೂ ಹಾಗೇ. ಕಾಗದದಲ್ಲಿ ನಾಲ್ಕು ಜನ ಅಂತ ಇರುತ್ತದೆ, ಹೋಗಿ ಬಾಗಿಲು ತಟ್ಟಿದರೆ ಏಳು ಜನ. ಮೂರು ಜನರ ಹೆಸರು ಬರೆದರೆ ಈಗಿನ ಮನೆ ಮಾಲೀಕ ಬಾಡಿಗೆ ಏರಿಸುತ್ತಾನೆ ಅನ್ನೋ ಭಯಕ್ಕೆ ಬಿಟ್ಟಿರುತ್ತಾರೆ. ಇದೆಲ್ಲ ದೂರದಲ್ಲಿ ಕೂತವರಿಗೆ ಗೊತ್ತಾಗೋದು ಹೇಗೆ ಹೇಳಿ.

ಹೋದ ಅರ್ಧದ ಕಥೆ ಶುರುವಾಗಿದ್ದು ಜಾಗದಿಂದ. ಹೊಸ ಮನೆ ಕಟ್ಟಲು ದುಡ್ಡು ಬಂತು, ಜಾಗ ಆರಿಸುವ ಕೆಲಸ ನಮ್ಮದೇ. ಊರಿನ ಒಳಗೇ ಮೂರು ಒಳ್ಳೆ ಜಾಗ ಇತ್ತು. ಬಸ್ಸು, ಶಾಲೆ, ಆಸ್ಪತ್ರೆ ಎಲ್ಲಾ ಹತ್ತಿರ. ನಾನು ಭಾರೀ ಉತ್ಸಾಹದಲ್ಲಿ ಮೂರೂ ವಾರ್ಡಿನಲ್ಲಿ ಸಭೆ ಕರೆದೆ, ಜನರನ್ನೇ ಕೇಳೋಣ ಅಂತ. ಮೂರು ಸಭೆಯಲ್ಲೂ ಬಡವರಿಗೆ ಮನೆ ಬೇಡ ಅಂತ ಒಬ್ಬರೂ ಹೇಳಲಿಲ್ಲ. ಟ್ರಾಫಿಕ್ ಜಾಸ್ತಿ ಆಗುತ್ತೆ ಅಂದರು, ಒಳಚರಂಡಿ ತಾಳಲ್ಲ ಅಂದರು, ಅಲ್ಲಿ ಪಾರ್ಕ್ ಆಗಲಿ ಅಂದರು. ಅದರಲ್ಲಿ ಒಂದು ನಾನಿರುವ ವಾರ್ಡು. ಪಕ್ಕದ ಮನೆಯವರು ಎದ್ದು ನಿಂತು 'ನೀವೇ ಇಲ್ಲಿದ್ದುಕೊಂಡು ಹೀಗೆ ಮಾಡ್ತೀರಾ' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸದಸ್ಯರಿಗೆ ಮುಂದಿನ ಚುನಾವಣೆ ಇದೆಯಲ್ವಾ, ಮೂರೂ ಜಾಗ ಬಿದ್ದುಹೋಯಿತು. ಕೊನೆಗೆ ಉಳಿದಿದ್ದು ಊರಾಚೆ, ಕಸ ಸುರಿಯುವ ಜಾಗದ ಪಕ್ಕದ ಬಯಲು. ಅಲ್ಲಿ ವಿರೋಧ ಮಾಡೋಕೆ ಯಾರೂ ಇರಲಿಲ್ಲ. 'ಸೂಕ್ತವಾಗಿದೆ' ಅಂತ ಟಿಪ್ಪಣಿ ಬರೆದವನೂ ನಾನೇ. ಕಟ್ಟಿ ಕೊಟ್ಟಮೇಲೆ ಎಷ್ಟೋ ಮನೆಗೆ ಬೀಗ ಬಿತ್ತು, ಯಾಕೆಂದರೆ ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಹೋಗುವವರಿಗೆ ಏಳರ ಮೊದಲ ಬಸ್ಸು ಏನು ಪ್ರಯೋಜನ.

ಆಗ ಓದೋಕೆ ಶುರು ಮಾಡಿದೆ. ನಮ್ಮ ಊರಿನವರೇ ಕೆಟ್ಟವರಾ ಅಂತ ನೋಡಬೇಕಿತ್ತು. ಅಲ್ಲ. ಅಮೆರಿಕದ ಶಿಕಾಗೋದಲ್ಲಿ 1949ರಲ್ಲಿ ರಾಜ್ಯದ ಕಾನೂನೇ ಸರ್ಕಾರಿ ಮನೆಗಳ ಜಾಗಕ್ಕೆ ಒಪ್ಪಿಗೆ ಕೊಡುವ ಅಧಿಕಾರವನ್ನು ನಗರ ಸಭೆಯ ಕೈಗೆ ಕೊಟ್ಟಿತು. ಬಿಳಿಯರ ವಾರ್ಡಿನ ಸದಸ್ಯರು ತಮ್ಮಲ್ಲಿ ಬೇಡ ಅಂದರು, ಕಪ್ಪು ಜನರ ಬಡಾವಣೆಗಳಲ್ಲೇ ಕಟ್ಟಡದ ಮೇಲೆ ಕಟ್ಟಡ ಎದ್ದಿತು. ಡೊರೊಥಿ ಗೋಟ್ರೋ ಮತ್ತಿತರ ನಿವಾಸಿಗಳು 1966ರಲ್ಲಿ ಕೋರ್ಟಿಗೆ ಹೋದರು, 1969ರಲ್ಲಿ ಗೆದ್ದರು, ಆದರೆ ಅಷ್ಟರಲ್ಲಿ ಆಕೆ ತೀರಿಹೋಗಿದ್ದರು. ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ. 1950ರಲ್ಲಿ ಅಲ್ಲಿನ ಸಂವಿಧಾನಕ್ಕೆ 34ನೇ ವಿಧಿ ಸೇರಿತು, ಊರಿನ ಮತದಾರರು ಒಪ್ಪದೆ ಕಡಿಮೆ ಬಾಡಿಗೆಯ ಸರ್ಕಾರಿ ಮನೆ ಕಟ್ಟುವಂತಿಲ್ಲ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ನಾನು ಮೂರು ಸಭೆ ಕರೆದು ಮಾಡಿದ್ದು ಇದರದ್ದೇ ಚಿಕ್ಕ ರೂಪ. ಸಭೆಗೆ ಬರೋದು ಈಗಾಗಲೇ ಮನೆ ಇದ್ದವರು. ಮನೆ ಬೇಕಾದವರು ಆ ವಾರ್ಡಿನಲ್ಲಿ ಇನ್ನೂ ಇರೋದೇ ಇಲ್ಲ, ಅವರ ಕೈ ಎತ್ತೋರು ಯಾರು?

ಹಾಗಂತ ಮೇಲಿನವರೇನು ದೇವರಲ್ಲ. ಬ್ರಿಟನ್ನಿನಲ್ಲಿ 1980ರ ಕಾನೂನು ಸ್ಥಳೀಯ ಸಂಸ್ಥೆಯ ಮನೆಯಲ್ಲಿ ಬಾಡಿಗೆಗೆ ಇದ್ದವರಿಗೆ ಆ ಮನೆಯನ್ನೇ ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು, ಸ್ಥಳೀಯ ಸಂಸ್ಥೆ ಒಪ್ಪಲಿ ಬಿಡಲಿ. ಮಾರಿ ಬಂದ ದುಡ್ಡಲ್ಲಿ ಹೊಸ ಮನೆ ಕಟ್ಟುವುದಕ್ಕೂ ಕಡಿವಾಣ ಹಾಕಿದರು. ಪಟ್ಟಿ ನೋಡಿಕೊಳ್ಳುವ ನಮ್ಮಂಥವರ ಸ್ಥಿತಿ ಏನಾಗಿರಬೇಕು ಅಂತ ನನಗೆ ಚೆನ್ನಾಗಿ ಗೊತ್ತು.

ನನಗೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಫ್ರಾನ್ಸಿನ ಲೆಕ್ಕ. 2000ದ ಕಾನೂನಿನ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಊರುಗಳಲ್ಲಿ ನೂರಕ್ಕೆ 20 ಮನೆ ಇಂಥವು ಇರಲೇಬೇಕು, 2013ರಲ್ಲಿ ಹೆಚ್ಚಿನ ಕಡೆ ಅದನ್ನು 25 ಮಾಡಿದರು. ಎಲ್ಲಿ ಕಟ್ಟುತ್ತೀರೋ ನಿಮಗೆ ಬಿಟ್ಟಿದ್ದು, ಕಟ್ಟದಿದ್ದರೆ ದಂಡ. ಕೆಲವು ಶ್ರೀಮಂತ ಊರುಗಳು ದಂಡ ಕಟ್ಟೋದೇ ವಾಸಿ ಅಂತ ಕೂತಿವೆ, ಅದೂ ನಿಜ. ಆದರೂ 'ಬೇಕೋ ಬೇಡವೋ' ಅನ್ನೋ ಪ್ರಶ್ನೆ ಅಲ್ಲಿ ಊರಿನ ಕೈಯಲ್ಲಿಲ್ಲ.

ಎರಡನೇ ಸಲ ದುಡ್ಡು ಬಂದಾಗ ನಾನು ಕ್ರಮವನ್ನೇ ತಿರುಗಿಸಿದೆ. ಜಾಗದ ಹೆಸರು ಹೊರಗೆ ಬಿಡಲಿಲ್ಲ. ಮೊದಲು ಸಾಮಾನ್ಯ ಸಭೆಯಲ್ಲಿ ಪ್ರತಿ ವಾರ್ಡಿಗೂ ಇಷ್ಟು ಮನೆ ಅಂತ ಸಂಖ್ಯೆ ಪಾಸು ಮಾಡಿಸಿದೆವು. ಇದಕ್ಕೆ ಆಕ್ಷೇಪ ಕಡಿಮೆ, ಯಾರ ಮನೆ ಎದುರು ಅಂತ ಯಾರಿಗೂ ಗೊತ್ತಿಲ್ಲವಲ್ಲ. ಆಮೇಲೆ ಜಾಗಕ್ಕೆ ಅಂಕ ಕೊಡುವ ಅಳತೆ ತೀರ್ಮಾನ ಮಾಡಿದೆವು: ಬಸ್ಸಿಗೆ ಎಷ್ಟು ದೂರ, ಶಾಲೆಗೆ ಎಷ್ಟು, ನೀರಿನ ಲೈನ್ ಇದೆಯಾ. ಅದಕ್ಕೂ ಸಹಿ ಆಯಿತು. ಜಾಗದ ಪಟ್ಟಿ ತೆಗೆದಿದ್ದು ಎಲ್ಲಕ್ಕಿಂತ ಕೊನೆಗೆ. ವಾರ್ಡ್ ಸಭೆ ಆಗಲೂ ಕರೆದೆವು, ಆದರೆ ಕೇಳಿದ ಪ್ರಶ್ನೆ ಬೇರೆ. ಕಟ್ಟೋದು ಖಚಿತ, ಗೇಟು ಯಾವ ಕಡೆ ಇರಲಿ, ಎಷ್ಟು ಮಹಡಿ ಇರಲಿ, ಗಾಡಿ ನಿಲ್ಲಿಸೋಕೆ ಎಲ್ಲಿ ಜಾಗ ಬಿಡೋಣ ಅಂತ. ಕೂಗಾಟ ಇತ್ತು. ಆದರೂ ಎರಡು ಜಾಗ ಊರೊಳಗೇ ಸಿಕ್ಕಿತು.

ಇಷ್ಟಾದ ಮೇಲೆ ಇನ್ನೊಂದು ಕಡೆ ಸಿಕ್ಕಿಬಿದ್ದೆ. ಅರ್ಜಿ ಹಾಕೋಕೆ ಹತ್ತು ವರ್ಷ ಇದೇ ಊರಲ್ಲಿ ಇದ್ದಿರಬೇಕು ಅಂತ ಸದಸ್ಯರು ನಿಯಮ ತಂದರು. 'ನಮ್ಮವರಿಗೆ ಮೊದಲು' ಅನ್ನೋದು ಕೇಳೋಕೆ ಚೆನ್ನಾಗಿರುತ್ತೆ. ಊರಿನ ಕಸ ಗುಡಿಸುವವರಲ್ಲಿ ಅರ್ಧ ಜನ ಬಂದು ಐದು ವರ್ಷ ಆಗಿರಲಿಲ್ಲ. ಅವರ ಅರ್ಜಿಗಳನ್ನು ಬೇರೆ ಕಟ್ಟು ಮಾಡಿ ಸಭೆಯ ಮೇಜಿನ ಮೇಲೆ ಇಟ್ಟೆ, ನಾಳೆಯಿಂದ ಇವರು ಬರದಿದ್ದರೆ ಏನು ಮಾಡೋಣ ಅಂತ ಕೇಳಿದೆ. ಹತ್ತು ಇದ್ದದ್ದು ಮೂರಕ್ಕೆ ಇಳಿಯಿತು. ನನಗೆ ಬೇಕಿದ್ದು ಸೊನ್ನೆ.

ದುಡ್ಡಿನ ಮಾತು ಬಂದಾಗೆಲ್ಲ ಜನ ಆಸ್ಟ್ರಿಯಾದ ವಿಯೆನ್ನಾ ಹೆಸರು ಹೇಳುತ್ತಾರೆ, ಅಲ್ಲಿ ನಗರವೇ ಎಲ್ಲಾ ಮಾಡಿತಲ್ಲ ಅಂತ. ಮಾಡಿತು, 1934ರ ಹೊತ್ತಿಗೆ 60,000ಕ್ಕೂ ಜಾಸ್ತಿ ಮನೆ. ಆದರೆ 1922ರಲ್ಲಿ ವಿಯೆನ್ನಾ ತಾನೇ ಒಂದು ರಾಜ್ಯ ಆಗಿ ತೆರಿಗೆ ಹಾಕುವ ಅಧಿಕಾರ ಪಡೆದಿತ್ತು, ಮರುವರ್ಷವೇ ವಸತಿ ತೆರಿಗೆ ತಂದು ದೊಡ್ಡ ಮನೆಯವರಿಂದ ಜಾಸ್ತಿ ವಸೂಲಿ ಮಾಡಿತು. ನಮ್ಮ ಕೈಯಲ್ಲಿದ್ದದ್ದು ಬಾಡಿಗೆ ರಸೀದಿ ಪುಸ್ತಕ ಮತ್ತು ಪಂಪು ರಿಪೇರಿ ಮಾಡಿಸುವ ಅಧಿಕಾರ. ಊರಾಚೆಯ ಆ ಮನೆಗಳಿಗೆ ಬೆಳಗ್ಗೆ ಐದರ ಬಸ್ಸು ಬಿಡಿ ಅಂತ ಆರು ಪತ್ರ ಬರೆದೆ, ಬಸ್ಸು ನಮ್ಮ ಅಧಿಕಾರದಲ್ಲಿ ಇರಲಿಲ್ಲ. ಆರನೇ ಪತ್ರಕ್ಕೆ ಐದೂವರೆಯ ಬಸ್ಸು ಬಂತು. ಬೀಗ ಬಿದ್ದಿದ್ದ ಮನೆಗಳಲ್ಲಿ ಕೆಲವು ತೆರೆದವು, ಎಲ್ಲಾ ಅಲ್ಲ.