ಕುತ್ತಿಗೆಯಿಂದ ಏರುವ ತಲೆನೋವು: ಮನೆಯಲ್ಲೇ ಮಾಡಬಹುದಾದ ಕೈಚಿಕಿತ್ಸೆ

ಹಿಂದಲೆಯಲ್ಲಿ ಒಂದು ಬದಿಗೆ ಶುರುವಾಗಿ ಕಣ್ಣಿನವರೆಗೆ ಹರಡುವ, ಕತ್ತು ಹೊರಳಿಸಿದರೆ ಹೆಚ್ಚಾಗುವ ತಲೆನೋವಿನ ಮೂಲ ಬಹುಪಾಲು ಕುತ್ತಿಗೆಯಲ್ಲಿರುತ್ತದೆ. ಕತ್ತಿನ ಮೇಲ್ತುದಿಯ ಮೂರು ನರಗಳೂ ಮುಖದ ಸಂವೇದನೆಯನ್ನು ಒಯ್ಯುವ ನರವೂ ಒಂದೇ ತಾಣದಲ್ಲಿ ಸಂಧಿಸುವುದರಿಂದ, ಕತ್ತಿನ ಕೀಲಿನ ನೋವು ಹಣೆಯ ನೋವಾಗಿ ತೋರುತ್ತದೆ.

ಮೊದಲು ಫಿಸಿಯೋಥೆರಪಿಸ್ಟ್ ಬಳಿ ಪರೀಕ್ಷೆ ಮಾಡಿಸಿಕೊಳ್ಳಿ. ಅವರು ನಿಮ್ಮನ್ನು ಅಂಗಾತ ಮಲಗಿಸಿ, ಗದ್ದವನ್ನು ಎದೆಯತ್ತ ಬಾಗಿಸಿ, ತಲೆಯನ್ನು ಎಡಬಲಕ್ಕೆ ತಿರುಗಿಸುತ್ತಾರೆ. ನೋವಿಲ್ಲದವರಲ್ಲಿ ಅದು ಎರಡೂ ಕಡೆ ಸುಮಾರು 44 ಡಿಗ್ರಿ ತಿರುಗುತ್ತದೆ. ಒಂದು ಕಡೆ ಗಮನಾರ್ಹವಾಗಿ ಕಡಿಮೆಯಾದರೆ ಕತ್ತಿನ ಮೂಳೆಯ ಮೊದಲೆರಡು ಮಣಿಗಳ ನಡುವಿನ ಕೀಲು ಬಿಗಿದಿರುವ ಸಾಧ್ಯತೆ ಹೆಚ್ಚು.

ಈ ಬಿಗಿತಕ್ಕೆ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ಬ್ರಯಾನ್ ಮಲ್ಲಿಗನ್ ರೂಪಿಸಿದ ವಿಧಾನವನ್ನು ಟವೆಲ್ ಹಿಡಿದು ನಾವೇ ಮಾಡಬಹುದು. ಮೊದಲ ಸಲ ಮಾತ್ರ ನಿಮ್ಮನ್ನು ಪರೀಕ್ಷಿಸಿದ ಫಿಸಿಯೋಥೆರಪಿಸ್ಟ್ ಎದುರೇ ಮಾಡಿ. ನೆಟ್ಟಗೆ ಕುಳಿತು, ತೆಳುವಾದ ಟವೆಲಿನ ಅಂಚನ್ನು ತಲೆಬುರುಡೆಯ ಕೆಳಗಂಚಿಗೆ ತಾಗುವಂತೆ ಕತ್ತಿನ ಹಿಂದೆ ಇರಿಸಿ. ಬಲಕ್ಕೆ ತಿರುಗುವುದು ಕಷ್ಟವಾದರೆ, ಟವೆಲಿನ ಎಡತುದಿಯನ್ನು ಬಲಗೈಯಲ್ಲಿ ಹಿಡಿದು ಎಡಗೆನ್ನೆಯ ಮೇಲಿಂದ ಅಡ್ಡಲಾಗಿ ಮುಂದಕ್ಕೆ ಎಳೆಯಿರಿ. ಇನ್ನೊಂದು ತುದಿಯನ್ನು ಎಡಗೈ ಎದೆಗೆ ಒತ್ತಿ ಹಿಡಿದಿರಲಿ. ಎಳೆತ ಬಿಡದೆ ತಲೆಯನ್ನು ಬಲಕ್ಕೆ ತಿರುಗಿಸಿ ಮೂರು ಸೆಕೆಂಡ್ ನಿಲ್ಲಿಸಿ. ಎರಡು ಬಾರಿ ಸಾಕು, ದಿನಕ್ಕೆ ಎರಡು ಹೊತ್ತು. ನೋಯಲೇಬಾರದು. ನೋವಾದರೆ ಟವೆಲ್ ಇಟ್ಟ ಜಾಗ ತಪ್ಪಿರಬಹುದು.

ಕೀಲು ಸಡಿಲವಾದರೆ ಸಾಲದು, ಕತ್ತಿನ ಒಳಸ್ನಾಯು ಬಲಗೊಳ್ಳಬೇಕು. ಅಂಗಾತ ಮಲಗಿ, ತಲೆ ಎತ್ತದೆ, ಹೂಂಗುಟ್ಟುವಷ್ಟೇ ಮೆಲ್ಲಗೆ ಗದ್ದ ತಗ್ಗಿಸಿ ಹತ್ತು ಸೆಕೆಂಡ್ ಹಿಡಿಯಿರಿ. ಹತ್ತು ಬಾರಿ ಮಾಡಿ. ಕತ್ತಿನ ಮುಂಭಾಗದ ಹುರಿಗಳು ಉಬ್ಬಿದರೆ ಬಲ ಜಾಸ್ತಿಯಾಗಿದೆ ಎಂದರ್ಥ. ಈ ವ್ಯಾಯಾಮವನ್ನು ಹೆಚ್ಚಿನವರು ಅರ್ಧಕ್ಕೇ ಬಿಡುತ್ತಾರೆ. ನನ್ನ ಮಟ್ಟಿಗೆ ಟವೆಲಿಗಿಂತ ಇದೇ ಮುಖ್ಯ. ಆರು ವಾರವಾದರೂ ಬಿಡದೆ ಮಾಡಿ.

ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ಮುರಿಸಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಹಠಾತ್ತನೆ ತಿರುಚಿದಾಗ ಮಿದುಳಿಗೆ ರಕ್ತ ಒಯ್ಯುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ತಿಂಗಳಲ್ಲಿ 15 ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರುತ್ತಿರಬಹುದು, ವೈದ್ಯರಿಗೆ ತಿಳಿಸಿ. ದಿಢೀರನೆ ಬಂದ ಭೀಕರ ತಲೆನೋವು, ಜ್ವರದೊಂದಿಗೆ ಸೆಟೆದ ಕತ್ತು, ತೊದಲು ಮಾತು, ಎರಡೆರಡಾಗಿ ಕಾಣುವುದು, ಕೈಕಾಲು ಸೋಲುವುದು ಇದ್ದರೆ ಕತ್ತನ್ನು ಮುಟ್ಟಲೇಬೇಡಿ, ನೇರ ಆಸ್ಪತ್ರೆಗೆ ಹೋಗಿ.